ಸೆರಫಿನಾ ಬಾಯಿಯ ಸರದಿ ಪುಸ್ತಕ

ಬ್ನೇದ್ ಅಲ್ ಗಾರ್, ಕುವೈತ್
11 ಮಾರ್ಚ್ 2005, ಶುಕ್ರವಾರ

ನನ್ನ ಒಂದೇ ಬೆಂಚಿನ ನ್ಯಾನ್ಸಿಗೆ,

ನಿನ್ನ ಪತ್ರ ಬಂದು ಐದು ವಾರವಾಯಿತು. ಉತ್ತರ ಬರೆಯಲು ಪುರುಸೊತ್ತು ಸಿಗಲಿಲ್ಲ ಎಂದು ಹೇಳೋಣ ಎಂದುಕೊಂಡಿದ್ದೆ. ಶರ್ಕ್ ಬಡಾವಣೆಯ ಆಫೀಸಿನಲ್ಲಿ ಕೆಲಸ ಹೆಚ್ಚಿರುವುದು ನಿಜ, ಮಗ ರೂಬೆನ್‌ಗೆ ಪರೀಕ್ಷೆ ಇರುವುದೂ ನಿಜ. ಆದರೆ ಈ ಐದು ವಾರದಲ್ಲಿ ನಾನು ಎರಡು ಸಲ ಉಪ್ಪಿನಕಾಯಿ ಹಾಕಿದ್ದೇನೆ, ಒಂದಿಡೀ ಶುಕ್ರವಾರ ಕೂತು ಪರದೆ ತೊಳೆದಿದ್ದೇನೆ. ಪುರುಸೊತ್ತು ಇತ್ತು. ಧೈರ್ಯ ಇರಲಿಲ್ಲ.

ನಿನ್ನ ಅಜ್ಜಿ ಅಪೊಲೋನಿಯಾ ಬಾಯಿ ಹಾಸಿಗೆ ಹಿಡಿದಿದ್ದಾರೆ, ತನ್ನ ತಾಯಿಯ ಪುಸ್ತಕವನ್ನು ಒಮ್ಮೆ ಕೈಯಲ್ಲಿ ಹಿಡಿಯಬೇಕು ಎಂದು ದಿನಾ ಕೇಳುತ್ತಾರೆ ಎಂದು ಬರೆದಿದ್ದೀ. ನಾನು ಫೋನಿನಲ್ಲಿ ಹೇಳಿದ್ದನ್ನು ಅವರಿಗೆ ತಿಳಿಸಲು ನಿನಗೆ ಬಾಯಿ ಬರಲಿಲ್ಲವಂತೆ. ಮೇಲಿನ ಮನೆಯ ಪೈಪ್ ಒಡೆದು ಪುಸ್ತಕ ನೆನೆದು ಹಾಳಾಯಿತು ಎಂದಿದ್ದೆನಲ್ಲ, ಪೈಪ್ ಒಡೆದದ್ದು ಹೌದು. ಪುಸ್ತಕ ನೆನೆಯಲಿಲ್ಲ. ನನ್ನ ಸೀರೆಗಳ ಕೆಳಗೆ, ಒಂದು ದಿಂಬಿನ ಕವರಿನೊಳಗೆ ಕ್ಷೇಮವಾಗಿದೆ. ಇಷ್ಟು ಬರೆದು, ಎದ್ದು ಹೋಗಿ ನೀರು ಕುಡಿದು ಬಂದೆ.

ನನಗೆ ಬೈಯುವ ಮೊದಲು ಪೂರ್ತಿ ಓದು. ಆಮೇಲೆ ಬೈದರೆ ಇನ್ನೂ ಚೆನ್ನಾಗಿ ಬೈಯಬಹುದು.

ಮೂರು ವರ್ಷದ ಹಿಂದೆ ರಜೆಗೆ ಬಂದಿದ್ದಾಗ ಅಪೊಲೋನಿಯಾ ಬಾಯಿ ಅಂಗಳದಲ್ಲಿ ಬೀಡಿ ಎಲೆ ಕತ್ತರಿಸುತ್ತಾ ನನಗೆ ಈ ಕಥೆ ಹೇಳಿದ್ದರು. ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ನಾನು ಕಿವಿಗೊಟ್ಟು ಕೇಳಿದ್ದೆ ಎಂದು ನಿನಗೆ ತಿಳಿಯಲಿ. ಮರೆತು ತಪ್ಪು ಮಾಡಿದವಳಲ್ಲ ನಾನು.

1934ರ ಸುಮಾರಿಗೆ ನಮ್ಮ ಇಗರ್ಜಿಯ ದವಾಖಾನೆಗೆ ವಿದೇಶದ ಮದರ್ ಒಬ್ಬರು ಬಂದಿದ್ದರು. ಅವರಿಗೆ ಅಂಚೆಯಲ್ಲಿ ಒಂದು ಪತ್ರಿಕೆ ಬರುತ್ತಿತ್ತು. ಯಾವ ಯಾವ ದೇಶದ ಹಳ್ಳಿ ಹೆಂಗಸರು ಸಂಘ ಕಟ್ಟಿಕೊಂಡು ಏನೇನು ಮಾಡುತ್ತಾರೆ ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಗುರುವಾರ ಮಧ್ಯಾಹ್ನ ಮದರ್ ತಮ್ಮ ಹರಕು ಕೊಂಕಣಿಯಲ್ಲಿ ಅದನ್ನು ಓದಿ ಹೇಳುತ್ತಿದ್ದರು. ಒಂದು ದೇಶದಲ್ಲಿ ಮನೆಯ ಯಜಮಾನ ಸತ್ತರೆ ಯಾರಾದರೂ ಹೋಗಿ ಜೇನುಗೂಡಿಗೂ ಸುದ್ದಿ ಮುಟ್ಟಿಸಬೇಕು ಎಂದು ಕೇಳಿ ನಮ್ಮವರು ಹೊಟ್ಟೆ ಹುಣ್ಣಾಗುವಂತೆ ನಕ್ಕರಂತೆ. ಹಿಮ ಬೀಳುವ ಇನ್ನೊಂದು ನಾಡಿನಲ್ಲಿ ನೆರೆಹೊರೆಯ ಹೆಂಗಸರು ಬಾಣಂತಿಗೆ ಕೆನೆ ಹಾಕಿದ ಗಂಜಿ ಒಯ್ಯುತ್ತಾರೆ ಎಂದಾಗ ಮಾತ್ರ ಯಾರೂ ನಗಲಿಲ್ಲವಂತೆ. ಅಪೊಲೋನಿಯಾ ಬಾಯಿಯ ತಾಯಿ ಸೆರಫಿನಾ ಬಾಯಿ ಮಾತ್ರ ಒಂದು ಪ್ರಶ್ನೆ ಕೇಳಿದರು: ಗಂಜಿ ಕುಡಿದ ಮೇಲೆ ಪಾತ್ರೆ ತೊಳೆಯುವುದು ಯಾರು?

ಓದು ಬರಹ ಬಾರದ ಒಕ್ಕಲು ಹೆಂಗಸಿನ ಆ ಪ್ರಶ್ನೆಯಿಂದಲೇ ಸಂಘ ಹುಟ್ಟಿತು. ಒಂಬತ್ತು ಮನೆ, ಹೆತ್ತವಳ ಮನೆ ಬಿಟ್ಟು ಉಳಿದ ಎಂಟಕ್ಕೂ ಐದೈದು ದಿನ. ಯಾರು ಹೆತ್ತರೂ ನಲವತ್ತು ದಿನ ಅವಳು ಒಲೆ ಹಚ್ಚುವಂತಿಲ್ಲ, ನೀರು ಸೇದುವಂತಿಲ್ಲ. ಅಕ್ಷರ ಗೊತ್ತಿಲ್ಲದ್ದಕ್ಕೆ ಸರದಿ ಗುರುತಿಡುವ ಈ ಪುಸ್ತಕದಲ್ಲಿ ಚಿತ್ರ ಬರೆದರು: ಒಬ್ಬರ ಮನೆಗೆ ಸೌಟು, ಒಬ್ಬರಿಗೆ ಬಂಗುಡೆ ಮೀನು, ಒಬ್ಬರಿಗೆ ಹೇಂಟೆ. ಧಣಿಗಳ ಮನೆಯಾದ ನಮ್ಮದಕ್ಕೆ ಬಾವಿಯ ರಾಟೆ, ಯಾಕೆಂದರೆ ರಾಟೆ ಇದ್ದದ್ದು ನಮ್ಮಲ್ಲಿ ಮಾತ್ರ. ಸರದಿಗೆ ಹೋದವರು ಆ ದಿನದ ಚೌಕದಲ್ಲಿ ಇದ್ದಿಲಿನ ಚುಕ್ಕೆ ಇಡಬೇಕು.

ಇಲ್ಲಿನ ನಮ್ಮ ಕರಾವಳಿ ಸಂಘದ ವಾರ್ಷಿಕೋತ್ಸವದಲ್ಲಿ ಹಳೆಯ ವಸ್ತುಗಳ ಪ್ರದರ್ಶನವಿತ್ತು. ಅದಕ್ಕೆಂದೇ ಪುಸ್ತಕ ಕೇಳಿ ತಂದಿದ್ದೆ. ಜನ ಮುಗಿಬಿದ್ದು ನೋಡಿದರು. ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಶ್ಯಾಮಸುಂದರ್ ನನ್ನನ್ನು ವೇದಿಕೆಗೆ ಕರೆದು, ಮೈಕ್ ಹಿಡಿದು, "ಈ ಸಂಘ ಕಟ್ಟಿದ್ದು ನಿಮ್ಮ ಅಜ್ಜಿಯಾ ಮೇಡಂ?" ಎಂದು ಕೇಳಿದರು. ಅಲ್ಲ ಎನ್ನಲು ಎಷ್ಟು ಹೊತ್ತು ಬೇಕು, ನ್ಯಾನ್ಸಿ? ಮುಂದಿನ ಸಾಲಿನಲ್ಲಿ ನನ್ನ ಗಂಡ ಫ್ರೆಡ್ರಿಕ್ ಕೂತಿದ್ದರು. ವರ್ಕ್‌ಶಾಪಿನ ಕೆಲಸದಿಂದ ಬೇಗ ಬಿಡಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ನಾನು ಹೌದು ಎಂದೆ. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ನನಗೆ ಹಿತವಾಯಿತು, ಅದನ್ನೂ ಹೇಳಿಬಿಡುತ್ತೇನೆ.

ಆಮೇಲೆ ಸ್ಮರಣ ಸಂಚಿಕೆಗೆ ಲೇಖನ ಕೇಳಿದರು. ಸಂಘ ಕಟ್ಟಿದವರೆಂದು ನಮ್ಮ ಎಮಿಲಿಯಾನಾ ಅಜ್ಜಿ ಜರಿ ಸೀರೆ ಉಟ್ಟ ಫೋಟೊ ಅಚ್ಚಾಯಿತು. ಮಗಳು ಅಲಿಶಾ ಆ ಲೇಖನವನ್ನೇ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ, ಶಾಲೆಯಲ್ಲಿ ತನ್ನ ಮುತ್ತಜ್ಜಿಯ ಬಗ್ಗೆ ಭಾಷಣ ಮಾಡಿ ಬಹುಮಾನ ತಂದಳು. ಪುಸ್ತಕ ಊರಿಗೆ ಬಂದರೆ ಇದೆಲ್ಲ ಒಂದಲ್ಲ ಒಂದು ದಿನ ಬಯಲಾಗುತ್ತದೆ. ಅದಕ್ಕೇ ಪೈಪಿನ ಸುಳ್ಳು.

ಕೆಳಗಿನ ಮನೆಯ ಪಾತು ಬಗ್ಗೆ ಹಿಂದೆ ಬರೆದಿದ್ದೆ, ಉಳ್ಳಾಲದ ಬ್ಯಾರಿ ಹೆಂಗಸು. ರೂಬೆನ್ ಹುಟ್ಟಿದಾಗ ಊರಿನಿಂದ ಯಾರಿಗೂ ವೀಸಾ ಸಿಗಲಿಲ್ಲ. ಒಂದು ತಿಂಗಳು ಮೆಂತೆ ಗಂಜಿ ಮಾಡಿ, ಪಾತ್ರೆಯನ್ನೂ ತೊಳೆದಿಟ್ಟು ಹೋದವರು ಅವರು. ಮೊನ್ನೆ ಅವರೆದುರು ಎಲ್ಲ ಹೇಳಿ ಅತ್ತೆ. ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ. "ಆ ಅಜ್ಜಿಗೆ ಇನ್ನೂ ಜೀವ ಉಂಟಲ್ಲ ಐವಿ ಬಾಯಿ? ಮತ್ತೆ ಇಲ್ಲಿ ಕೂತು ಕಣ್ಣೀರು ಹಾಕಿ ಕೂಗುದು ಎಂತಕ್ಕೆ? ಹೋಗುವವರ ಕೈಯಲ್ಲಿ ಕಳಿಸಿ ಮಾರಾಯ್ರೆ," ಎಂದು ಎದ್ದು ಹೋದರು.

ನಿನ್ನ ಚಿಕ್ಕಪ್ಪನ ಮಗ ಮೈಕಲ್ ಸೋಮವಾರ ಹೊರಡುತ್ತಾನೆ. ಪುಸ್ತಕ, ಈ ಪತ್ರ ಎರಡೂ ಅವನ ಕೈಚೀಲದಲ್ಲಿ ಬರುತ್ತವೆ. ಶ್ಯಾಮಸುಂದರ್ ಅವರಿಗೆ ನಿಜ ಬರೆದು ಕೊಟ್ಟಿದ್ದೇನೆ. ಮುಂದಿನ ಸಂಚಿಕೆಯಲ್ಲಿ ಸೆರಫಿನಾ ಬಾಯಿಯ ಹೆಸರು ಬರುತ್ತದೆ. ಅಲಿಶಾಳಿಗೂ ಹೇಳಿದೆ. ಅವಳು ಬಹುಮಾನದ ಕಪ್ಪನ್ನು ಶೋಕೇಸಿನಿಂದ ತೆಗೆದು ಕಪಾಟಿನ ಮೇಲಿಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಪೊಲೋನಿಯಾ ಬಾಯಿಗೆ ಪೈಪಿನ ಸುಳ್ಳಿನ ಬಗ್ಗೆಯೂ ಹೇಳು. ನನ್ನ ಪರವಾಗಿ ಕ್ಷಮೆ ಕೇಳಬೇಡ, ಅದನ್ನು ನಾನೇ ಬಂದು ಕೇಳುತ್ತೇನೆ. ಏಪ್ರಿಲ್‌ಗೆ ರಜೆ ಕೇಳಿದ್ದೇನೆ. ಅಷ್ಟು ದಿನ ಅವರು ಇರಲಿ ಎಂದು ನೀನೂ ಪ್ರಾರ್ಥಿಸು.

ನಿನ್ನ ಮುಖ ನೋಡಲು ನಾಚುತ್ತಿರುವ,
ಐವಿ

ತಾ.ಕ.: ಮೈಕ್‌ನಲ್ಲಿ ಹೇಳಿದ ಸುಳ್ಳಿಗಾಗಿಯೇ ಪುಸ್ತಕ ಬಚ್ಚಿಟ್ಟೆ ಎಂದು ನೀನು ನಂಬಿದರೆ ಈಗಲೂ ನನಗೆ ಅನುಕೂಲವೇ. ಆದರೆ ನಿಜವಾದ ಕಾರಣ ಕೊನೆಯ ಹಾಳೆಯಲ್ಲಿದೆ, ತೆರೆದು ನೋಡು. ಅದು ಸೆರಫಿನಾ ಬಾಯಿಯ ಕೊನೆಯ ಹೆರಿಗೆ. ಆರನೆಯ ದಿನದಿಂದ ಹತ್ತನೆಯ ದಿನದವರೆಗೆ ರಾಟೆ ಬರೆದಿದೆ, ನಮ್ಮ ಮನೆಯ ಸರದಿ. ಐದು ಚೌಕ, ಒಂದರಲ್ಲೂ ಚುಕ್ಕೆಯಿಲ್ಲ. ಒಕ್ಕಲ ಮನೆಯ ಪಾತ್ರೆ ತೊಳೆಯಲು ನಮ್ಮ ಅಜ್ಜಿ ಹೋಗಲಿಲ್ಲ, ಆಳನ್ನೂ ಕಳಿಸಲಿಲ್ಲ. ಬಾಣಂತಿಯೇ ಎದ್ದು ನೀರು ಹೊತ್ತರು, ರಕ್ತ ಹೋಯಿತು. ಹನ್ನೊಂದನೆಯ ದಿನದ ಚೌಕದಲ್ಲಿರುವ ಶಿಲುಬೆಯನ್ನು ಒಂಬತ್ತು ವರ್ಷದ ಅಪೊಲೋನಿಯಾ ಬರೆದದ್ದು. ಇದನ್ನು ಅವರೇ ಬೆರಳಿಟ್ಟು ನನಗೆ ತೋರಿಸಿದರು, ತೋರಿಸಿದ ಮೇಲೆಯೇ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ನಾನು ಹುಟ್ಟಿದಾಗ ನನ್ನ ಅಮ್ಮನ ಬಾಣಂತನಕ್ಕೆ ನಲವತ್ತು ದಿನವೂ ಬಂದವರು ಅವರೇ, ನ್ಯಾನ್ಸಿ.