ದಾರದ ಮೇಲೆ ಹೋಗದ ವಿಮಾನ

ರೀ,

ನೀವು ಕೆಲಸದಿಂದ ಬರುವ ಹೊತ್ತಿಗೆ ನಾನು ವಿಮಾನದಲ್ಲಿರುತ್ತೇನೆ. ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಳ್ಳಿ.

ಭೂಪಟದ ಮೇಲೆ ಅಕ್ಕ ಇರುವ ದೇಶದವರೆಗೆ ದಾರ ಹಿಡಿದು ಅಳೆದು "ಒಂಬತ್ತೇ ಗಂಟೆ ಕಣೇ" ಅಂದಿರಲ್ಲ, ವಿಮಾನ ನಿಮ್ಮ ದಾರದ ಮೇಲೆ ಹೋಗುವುದಿಲ್ಲ. ನಡುವೆ ಇನ್ನೊಂದು ಊರಲ್ಲಿ ಇಳಿದು, ಕಾದು, ಬೇರೆಯದನ್ನು ಹತ್ತಬೇಕು. ಅಕ್ಕನ ಆಸ್ಪತ್ರೆ ಸೇರಲು ಹತ್ತೊಂಬತ್ತು ಗಂಟೆ. ಅಲ್ಲಿಯವರೆಗೆ ಅವಳು ಇರುತ್ತಾಳೋ ಇಲ್ಲವೋ, ವೈದ್ಯರೂ ಹೇಳುತ್ತಿಲ್ಲ. ನನಗೆ ಅಳುವೂ ಬರುತ್ತಿಲ್ಲ.

ಸಂಜೆಯ ಪದ್ಯ ಇವತ್ತು ನೀವೇ ಓದಬೇಕು. ಏಳಕ್ಕೆ ಭಾವ ಫೋನ್ ಮಾಡಿ ಅಕ್ಕನ ಕಿವಿಗೆ ಹಿಡಿಯುತ್ತಾರೆ. ಪುಸ್ತಕ ದೇವರ ಮುಂದಿದೆ, ಬೆಂಕಿಕಡ್ಡಿ ಇಟ್ಟ ಪುಟ. "ನಂಗೆಲ್ಲಿ ರಾಗ ಬರತ್ತೆ" ಅನ್ನಬೇಡಿ. ಚಿಕ್ಕಂದಿನಿಂದ ಅವಳು ಓದುತ್ತಿದ್ದಳು, ನಾನು ಕೇಳುತ್ತಿದ್ದೆ. ಅವಳ ಮಾತು ನಿಂತ ಮೇಲೆ ನಾನೇ ಓದಲಿಲ್ಲವೇ, ನನಗೇನು ರಾಗ ಬರುತ್ತಿತ್ತೇ? ವಾರ್ತೆ ಓದಿದ ಹಾಗೆ ಓಡಿಸದಿದ್ದರೆ ಸಾಕು. ನಡುನಡುವೆ "ಕೇಳಿಸ್ತಾ ಅತ್ತಿಗೆ?" ಅಂತ ಕೂಗಬೇಡಿ, ಉತ್ತರ ಕೊಡಲಾರಳು.

ಆ ಕಡೆಯಿಂದ ಭಾವ "ಇನ್ನು ಸಾಕಪ್ಪಾ" ಅಂದರೂ ಪದ್ಯ ಮುಗಿಸಿಯೇ ನಿಲ್ಲಿಸಿ. ಅರ್ಧಕ್ಕೆ ಬಿಟ್ಟರೆ ಅವಳಿಗೆ ಆಗುವುದಿಲ್ಲ.

ಏನೇ ಆಗಿದ್ದರೂ ನನಗೆ ಅಲ್ಲಿ ಇಳಿದ ಮೇಲೆ ಹೇಳಿ.