ಅಪ್ಪನ ಗಿಡ್ಡ ಬಂದೂಕು

ಮಿಶ್ರಿಕೋಟಿ

ಶಂಕ್ರಪ್ಪ ಕಾಕಾ ಅವರಿಗೆ ನೀಲಗಂಗಾಳ ನಮಸ್ಕಾರ.

"ಅಪ್ಪ ಹೋದ ಮ್ಯಾಲೆ ಹೆಣ್ಣಮಗಳಿಗೆ ಬಂದೂಕು ಯಾಕ? ನನಗ ಕೊಡು" ಅಂತ ಹೇಳಿ ಕಳಿಸೀರಿ. ಕೊಡಂಗಿಲ್ರಿ. ಲೈಸೆನ್ಸ್ ಮೊನ್ನೆ ನನ್ನ ಹೆಸರಿಗೆ ಆತು.

ನಿಮ್ಮದು ನಮ್ಮದು ಎರಡೂ ಬಂದೂಕಿಗೆ ಹಾಕೂದು ಪಿಸ್ತೂಲಿನ ಸಣ್ಣ ಕಾಡತೂಸು, ಎರಡಕ್ಕೂ ಕೆಳಗ ಎಳಿಯೂ ಲಿವರ್. ನಿಮ್ಮದು ಉದ್ದ, ಹಿತ್ತಾಳಿ ಹೊಳಪು, ನೋಡಾಕ ಅಗದಿ ಛಂದ. ನಮ್ಮದು ಗಿಡ್ಡ. ಆದರ ಹಂದಿ ಬೆದರಿಸಾಕ ಗೋವಿನಜೋಳದಾಗ ಹೊಕ್ಕರ ದಂಟಿಗೆ ತಾಗಂಗಿಲ್ಲ.

ಇನ್ನೊಂದು ಮಾತು. ಲಿವರ್ ಸವದೀತಂತ ಅಂಜಿ ನೀವು ಅರ್ಧಾನ ಎಳೀತೀರಿ, ಅದಕ್ಕ ಕಾಡತೂಸು ಒಳಗ ಸಿಕ್ಕೋತೈತಿ. ಹೋದ ವರ್ಷ ಹಂಗಾದಾಗ ಅಪ್ಪನ ಕಡೆ ತಂದಿದ್ರಿ. ಅಪ್ಪ ನಿಮ್ಮನ್ನ ಚಾಕ್ಕ ಕುಂಡ್ರಿಸಿ ಬಂದೂಕು ಒಳಗ ಒಯ್ದ. ಒಳಗ ಅದನ್ನ ಬಿಡಿಸಿದಾಕಿ ನಾನು. "ಕಾಕಾಗ ಹೇಳಬ್ಯಾಡ, ನಾಚಿಕೊಂತಾನ" ಅಂದಿದ್ದ. ಇವತ್ತಿನ ತನಕ ಹೇಳಿದ್ದಿಲ್ಲ.

ಮಹಾನವಮಿಗೆ ನಿಮ್ಮ ಮನ್ಯಾಗ ಆಯುಧ ಪೂಜಿಗೆ ಇಡುವಾಗ ನಿಮ್ಮ ಬಂದೂಕಿನ ಬಾಜು ನಮ್ಮದಕ್ಕ ಯಾವಾಗಿನಂಗ ಜಾಗಾ ಬಿಡ್ರಿ. ತರಾಕಿ ನಾನ. ನಿಮ್ಮದು ಮತ್ತ ಸಿಕ್ಕೊಂಡಿದ್ರ ಚಾಕ್ಕ ಇಡ್ರಿ. ಈ ಸಲ ನಿಮ್ಮ ಮುಂದ ಕುಂತು ಬಿಡಿಸಿ ಕೊಡ್ತೀನಿ.

ನಿಮ್ಮ ಗೆಳೆಯನ ಮಗಳು,
ನೀಲಗಂಗಾ