ಉಪ್ಪು ತಿಳಿಯದ ನಾಲಿಗೆ

ಪ್ರೀತಿಯ ಹರಿಹರಣ್ಣ,

ನಾಲ್ಕು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ. ಶೃಂಗೇರಿಯ ನಿನ್ನ ಲಾಡ್ಜಿನ ಅಡುಗೆಮನೆಯಲ್ಲಿ ನಿಂತುಕೊಂಡು ಓದಬೇಡ, ಎಲ್ಲಾದರೂ ಕೂತು ಓದು.

ಶೆಟ್ಟಿಕೊಪ್ಪದಲ್ಲಿ ನಾವು ಅಡುಗೆಗೆ ಹೋಗಿದ್ದ ಗೃಹಪ್ರವೇಶದ ಊಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸಾರನ್ನ ಬಾಯಿಗಿಟ್ಟ ಮೊದಲ ಪಂಕ್ತಿ ಅಲ್ಲಿಗೇ ಕೈ ನಿಲ್ಲಿಸಿತು. ಎರಡು ಸಲ ಉಪ್ಪು ಹಾಕಿದವನು ನೀನು. ಆದರೆ ಬೈದದ್ದು ಸೀತಕ್ಕನಿಗೆ. "ಎಂತ ಸೀತಕ್ಕ, ತಲೆ ಸರಿ ಇದ್ಯಾ ನಿಮ್ಗೆ?" ಎಂದೆ, ಅಷ್ಟು ಜನರ ಮುಂದೆ. ಹದಿನೈದು ವರ್ಷ ನಿನ್ನ ಜೊತೆ ದುಡಿದವರು ಸೆರಗಿಗೆ ಕೈ ಒರೆಸಿಕೊಂಡು, ಊಟವನ್ನೂ ಮಾಡದೆ ಬಸ್ಸು ಹತ್ತಿದರು. ನಾನು ಬಾಯಿ ಬಿಡಲಿಲ್ಲ.

ಒಂದು ವರ್ಷದಿಂದ ನೀನು ಸೌಟು ಚಾಚಿ "ರುಚಿ ನೋಡೇ" ಎನ್ನುತ್ತಿದ್ದೆ. ನಿನಗೆ ರುಚಿ ಹತ್ತುತ್ತಿಲ್ಲವೆಂದು ಗೊತ್ತಿದ್ದೂ ನಾನು ಉಪ್ಪು, ಹುಳಿ ಹೇಳಿಕೊಟ್ಟು ಮುಚ್ಚಿಟ್ಟೆ. ಅಂದು ನೀನು ಸೌಟು ಚಾಚುವ ಹೊತ್ತಿಗೆ ನಾನು ಎಲೆ ಹಾಕಲು ಹೋಗಿದ್ದೆ, ಅಷ್ಟೇ.

ಮರುದಿನ ನಿನ್ನ ಹಲ್ಲು ಅಲ್ಲಾಡುತ್ತದೆ ಎಂಬ ನೆಪದಲ್ಲಿ ನಿನ್ನನ್ನು ಕೊಪ್ಪದ ಹಲ್ಲಿನ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರ್ ಅರ್ಪಣಾ ಕೇಳಿದಾಗ ನೀನು ದಿನಕ್ಕೆ ನಾಲ್ಕು ಸಿಗರೇಟು ಎಂದೆ. ಎರಡು ಪ್ಯಾಕ್ ಎಂದು ನಾನು ಹೇಳಬೇಕಾಯಿತು. "ರುಚಿ ಮಂದ ಆಗಿರೋದು ಅದ್ರಿಂದ್ಲೇ ಇರ್ಬೇಕು. ವಸಡಲ್ಲಿ ರಕ್ತ ಬರಲ್ಲ ಅಂತ ಸಮಾಧಾನ ಬೇಡ, ಒಳಗೆ ಮೂಳೆ ಸವೆದಿದೆ" ಎಂದರು. ಕೆನ್ನೆಯೊಳಗಿನ ಬಿಳಿ ಮಚ್ಚೆ ಕಂಡಾಗ ಮಾತ್ರ ದೀಪ ಹತ್ತಿರ ಎಳೆದು ಇನ್ನೊಮ್ಮೆ ನೋಡಿದರು. "ಶಿವಮೊಗ್ಗದಲ್ಲಿ ಇದರ ಚೂರು ತೆಗೆಸಿ ಪರೀಕ್ಷೆ ಮಾಡಿಸಿ. ಕ್ಯಾನ್ಸರ್ ಅಂತ ನಾನು ಹೇಳ್ತಿಲ್ಲ. ಅಲ್ಲ ಅಂತಲೂ ಹೇಳಕ್ಕಾಗಲ್ಲ."

ನೀನು ಆಸ್ಪತ್ರೆಯ ಮೆಟ್ಟಿಲ ಮೇಲೇ ಸಿಗರೇಟು ಹಚ್ಚಿದೆ. "ಮದುವೆ ಸೀಸನ್ ಮುಗೀಲಿ ಮಾರಾಯ್ತಿ" ಎಂದೆ.

ನಿನ್ನೆ ನರಸಿಂಹರಾಜಪುರದ ಮನೆಗೇ ಹೋಗಿ ಸೀತಕ್ಕನಿಗೆ ಎಲ್ಲ ಹೇಳಿಬಿಟ್ಟೆ. ಸಿಟ್ಟಾಗುತ್ತಾರೆಂದುಕೊಂಡಿದ್ದೆ. "ನಂಗೆ ಗೊತ್ತಿತ್ತು ಕಣೆ. ನೀನಿಲ್ದಾಗ ಎಷ್ಟೋ ಸಲ ಸಾರಿಗೆ ನಾನೇ ನೀರು ಬೆರೆಸಿದ್ದೀನಿ. ಹೇಳಿದ್ರೆ ಹರಿಹರ ಸೌಟು ಕೆಳಗಿಟ್ಬಿಡ್ತಾನೆ ಅಂತ ಹೆದ್ರಿದ್ದೆ" ಎಂದು ಅತ್ತರು. ನಿನ್ನ ಮರ್ಯಾದೆ ಉಳಿಸುತ್ತೇವೆಂದುಕೊಂಡು ನಾವಿಬ್ಬರೂ ನಿನ್ನ ಪರೀಕ್ಷೆಯನ್ನು ಎಷ್ಟು ತಡಮಾಡಿಸಿದೆವೋ ಎಂಬ ಯೋಚನೆಗೆ ನನಗೆ ನಿದ್ದೆಯಿಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ನಾವಿಬ್ಬರೂ ನಿನ್ನ ಲಾಡ್ಜಿನ ಬಾಗಿಲಲ್ಲಿರುತ್ತೇವೆ. ನೀನು ಕ್ಷಮೆ ಕೇಳುವುದೇನೂ ಬೇಡವಂತೆ, ಶಿವಮೊಗ್ಗದ ಬಸ್ಸು ಹತ್ತಿದರೆ ಸಾಕಂತೆ. ಸೀತಕ್ಕ ಹೇಳಿ ಕಳಿಸಿದ್ದಾರೆ.

ತಾಯಿ ಶಾರದೆ ನಿನ್ನನ್ನು ನಮಗೆ ಉಳಿಸಿಕೊಡಲಿ.

ನಿನ್ನ ತಂಗಿ,
ದಾಕ್ಷಾಯಿಣಿ